ತಂಗಿ ಗಂಡನ ಸಮಾಧಿ ಮೇಲೆ ನಮ್ಮಮ್ಮನ ಬೀಸೋಕಲ್ಲು

ಹೊಸಹಳ್ಳಿ

ಇಂಗ್ಲೆಂಡಿಗೆ ಹೋಗಿ ಬಂದವರೆಲ್ಲ ಅರಮನೆ, ಗಡಿಯಾರದ ಗೋಪುರ, ದೊಡ್ಡ ಹೊಳೆಯ ಸೇತುವೆ ಎಂದು ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿ ಅಂಥದ್ದು ಒಂದೂ ಇಲ್ಲ. ಇರುವುದೆಲ್ಲ ಸಮಾಧಿಗಳೇ. ನಾನು ಅಲ್ಲಿಗೆ ಹೋದದ್ದು ಒಂದು ಕಲ್ಲಿಗಾಗಿ, ಅದೂ ನಮ್ಮ ಮನೆಯದೇ ಕಲ್ಲು.

ಬೆಂಗಳೂರಿನ ಹೊಸಹಳ್ಳಿಯ ನಮ್ಮ ತವರುಮನೆಯ ನಡುಮನೆಯಲ್ಲಿ ಮೂಲೆಗೆ ಒಂದು ರಾಗಿ ಬೀಸೋಕಲ್ಲು ಇತ್ತು. ಒಂಬತ್ತು ವರ್ಷದವಳಿದ್ದಾಗಿನಿಂದ ಅದರ ಮುಂದೆ ಕೂತು ಬೀಸಿದವಳು ನಾನು. ನನ್ನ ತಂಗಿ ವನಜ ಹತ್ತು ಸುತ್ತು ತಿರುಗಿಸಿ 'ಕೈ ನೋವು' ಎಂದು ಎದ್ದು ಹೋಗುತ್ತಿದ್ದಳು. ಮಿಲ್ಲು ಬಂದ ಮೇಲೂ ಅಮ್ಮ ಹಬ್ಬಕ್ಕೆ ಮಾತ್ರ ಅದರಲ್ಲೇ ಬೀಸಿಸುತ್ತಿದ್ದಳು, ನನ್ನ ಕೈಯಲ್ಲೇ. ಆ ಕಲ್ಲು ನನಗೆ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇಲ್ಲ ಎಂದು ನಾನು ತಿಳಿದಿದ್ದೆ.

ಹತ್ತೊಂಬತ್ತು ವರ್ಷದ ಹಿಂದೆ ವನಜ ಪೀಟರ್‌ನನ್ನು ಮದುವೆಯಾದಳು. ಅವನು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಬ್ರೆಡ್ಡು ಸುಡುವವನು. ರಾಜಾಜಿನಗರದ ಬೇಕರಿಯೊಂದಕ್ಕೆ ಓವನ್ ಕೂರಿಸಲು ಬಂದಿದ್ದಾಗ, ಅಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ತಂಗಿಯನ್ನು ಕಂಡ. ಊರಿಗೆ ಹೊರಡುವ ಹಿಂದಿನ ದಿನ ಅಮ್ಮನ ಮನೆಗೆ ಬಂದವನು ಬೀಸೋಕಲ್ಲನ್ನು ತೋರಿಸಿ 'ಇದೇನು' ಎಂದು ಕೇಳಿದನಂತೆ. ಅಮ್ಮ ಕೂರಿಸಿ ಕಲಿಸಿದಳಂತೆ. ಅವನು ಅಂಗೈ ಬೊಬ್ಬೆ ಬರುವವರೆಗೆ ಅರ್ಧ ಸೇರು ರಾಗಿ ಬೀಸಿದನಂತೆ. ಅಮ್ಮ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳಂತೆ. ಎಲ್ಲ ಅಂತೆಗಳೇ, ಏಕೆಂದರೆ ನಾನು ಆ ಹೊತ್ತಿಗೆ ಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ ಕೆಲಸ ಮಾಡುತ್ತ ಕೂತಿದ್ದೆ.

ಮಾರನೆಯ ದಿನ ಸಂಜೆ ವಾಡಿಕೆಯಂತೆ ಅಮ್ಮನ ಮನೆ ಹಾಯ್ದಾಗ ಮೂಲೆಯಲ್ಲಿ ಕಲ್ಲು ಇರಲಿಲ್ಲ. ಕೆಂಪು ಗಾರೆ ನೆಲದ ಮೇಲೆ ದುಂಡಗೆ ಒಂದು ಬಿಳಿಚಿದ ಗುರುತು ಮಾತ್ರ ಇತ್ತು. "ಪೀಟರಪ್ಪ ಆಸೆಪಟ್ಟ, ಕೊಟ್ಟೆ ಕಣೆ. ಹಡಗಿನಲ್ಲಿ ತರಿಸ್ಕೊಳ್ತಾನಂತೆ," ಅಂದಳು ಅಮ್ಮ. ನಾನು "ಒಳ್ಳೇದಾಯ್ತು ಬಿಡಮ್ಮ" ಅಂದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ಆವತ್ತು ನನಗೆ ಮೈಗೆ ಚುಚ್ಚಿದ ಹಾಗೆ ಅರ್ಥವಾಯಿತು.

ಹೋದ ವರ್ಷದ ಹಿಂದಿನ ವರ್ಷ ಪೀಟರ್ ತೀರಿಕೊಂಡ. ಕೆಲವು ತಿಂಗಳು ಕಳೆದ ಮೇಲೆ ವನಜ ಫೋನು ಮಾಡಿದಳು.

"ಅಕ್ಕ, ಅಮ್ಮನ ಬೀಸೋಕಲ್ಲನ್ನ ಅವನ ಸಮಾಧಿಗೆ ನಿಲ್ಲಿಸಿದೀನಿ. ಇಲ್ಲಿ ಸ್ಮಶಾನದ ಕಮಿಟಿಯವ್ರು ತೆಗೀಬೇಕು ಅಂತಿದಾರೆ. ವಿಚಾರಣೆ ಇಟ್ಟಿದಾರೆ. ನೀನು ಬಂದು ಒಂದು ಮಾತು ಹೇಳ್ಬೇಕು."

"ಏನಂತ?"

"ನಮ್ಮ ಜನದಲ್ಲಿ ಸಮಾಧಿ ಮೇಲೆ ಬೀಸೋಕಲ್ಲು ಇಡೋದು ಪದ್ಧತಿ ಅಂತ."

"ಎಲ್ಲಿದೆಯೇ ಆ ಪದ್ಧತಿ?"

"ಇಲ್ಲ ಅಂತ ನಂಗೂ ಗೊತ್ತು ಕಣಕ್ಕ. ಅವ್ರಿಗೆ ಗೊತ್ತಿಲ್ವಲ್ಲ."

ಟಿಕೆಟ್ಟು ಅವಳೇ ಕಳಿಸಿದಳು. ನಾನು ಎರಡು ಸೂಟ್‌ಕೇಸು ತೆಗೆದುಕೊಂಡೆ. ಒಂದರಲ್ಲಿ ಬಟ್ಟೆ, ಸಾರಿನ ಪುಡಿ, ರಾಗಿ ಹಿಟ್ಟು. ಇನ್ನೊಂದು ದೊಡ್ಡದು, ಗಟ್ಟಿ ಮೈಯದು, ಖಾಲಿ. ನಮ್ಮ ಯಜಮಾನರು "ಖಾಲಿ ಪೆಟ್ಟಿಗೆ ಯಾಕೆ ಹೊತ್ಕೊಂಡು ಹೋಗ್ತೀಯ?" ಅಂದರು. ಬರುವಾಗ ಸಾಮಾನಿರುತ್ತದೆ ಎಂದೆ. ಕಮಿಟಿಯವರು ಕಲ್ಲು ಕಿತ್ತರೆ ಮೇಲಿನ ಬಿಲ್ಲೆಯೊಂದಾದರೂ ಅದರಲ್ಲಿ ಹಿಡಿಯುತ್ತದೆ ಎಂದು ಅಳತೆ ನೋಡಿಕೊಂಡೇ ಹೊರಟಿದ್ದೆ.

ಇಳಿದ ಊರು

ವಿಮಾನದಿಂದ ಇಳಿದ ಮೇಲೆ ಸಾಮಾನು ತಪಾಸಣೆಯವಳು ನನ್ನ ಸೂಟ್‌ಕೇಸು ತೆರೆಸಿದಳು. ರಾಗಿ ಹಿಟ್ಟಿನ ಪ್ಯಾಕೆಟ್ಟು ದಾರಿಯಲ್ಲೇ ಒಡೆದು ಸೀರೆ, ಸ್ವೆಟರು, ಒಳಲಂಗ ಎಲ್ಲದರ ಮೇಲೂ ಹಾಸಿಕೊಂಡಿತ್ತು. ಅವಳು ಕೈಗವಸಿನಲ್ಲಿ ಚಿಟಿಕೆ ಎತ್ತಿ ಮೂಸಿದಳು. ನಾನು 'ಫುಡ್' ಎಂದೆ. ನಂಬಲಿಲ್ಲ. ಕೊನೆಗೆ ನಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನುಂಗಿದೆ. ಆಮೇಲೆ ಖಾಲಿ ಸೂಟ್‌ಕೇಸು ತೆರೆಸಿ ಒಳಗೆ ಏನೂ ಇಲ್ಲದ್ದನ್ನು ನೋಡಿ ಅವಳಿಗೆ ಮತ್ತಷ್ಟು ಅನುಮಾನ ಬಂತು. ಒಂದು ಗಂಟೆ ಕೂರಿಸಿ ಬಿಟ್ಟಳು.

ವನಜಳ ಊರು ಇಂಗ್ಲೆಂಡಿನ ಉತ್ತರಕ್ಕಿದೆ. ಹೆಸರು ಬರೆದರೆ ಅವಳು ಬೈಯುತ್ತಾಳೆ. ರೈಲು ಇಳಿದು ಬಸ್ಸು ಹತ್ತಬೇಕು. ಆ ಬಸ್ಸಿನಲ್ಲಿ ಇಳಿಯುವವರೆಲ್ಲ ಒಬ್ಬೊಬ್ಬರಾಗಿ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ವಿಜಯನಗರದ ಬಸ್ಸಿನಲ್ಲಿ ನಾನು ಹಾಗೆ ಹೇಳಿದರೆ ಡ್ರೈವರು ಏನೋ ತಪ್ಪಾಗಿದೆ ಎಂದು ತಿರುಗಿ ನೋಡುತ್ತಾನೆ.

ವನಜ ಬಸ್ಸುನಿಲ್ದಾಣಕ್ಕೆ ಬಂದಿದ್ದಳು. ತೆಳ್ಳಗಾಗಿದ್ದಳು. ತಬ್ಬಿಕೊಂಡಾಗ ಅವಳ ಮೂಳೆ ಕೈಗೆ ಸಿಕ್ಕಿತು. ಅಯ್ಯೋ ಅನ್ನಿಸಿದ್ದೂ ನಿಜ, ಮನೆಯೊಳಗೆ ಕಾಲಿಡುತ್ತಲೇ ಕಲ್ಲಿನ ಜಾಗ ಹುಡುಕಿದ್ದೂ ನಿಜ. ಅಡುಗೆಮನೆಯ ಕಿಟಕಿಯ ಕೆಳಗೆ ಹಲಗೆ ನೆಲದ ಮೇಲೆ ದುಂಡನೆಯ ಗುರುತೊಂದಿತ್ತು. ನಮ್ಮ ಮನೆಯ ಗುರುತಿನಷ್ಟೇ ಅಗಲ.

"ವಾರಕ್ಕೊಂದು ದಿನ ರಾಗಿ ಬೀಸಿ ಬ್ರೆಡ್ಡು ಮಾಡ್ತಿದ್ದ ಅಕ್ಕ. ಶನಿವಾರ ಬೆಳಗ್ಗೆ ಕ್ಯೂ ನಿಲ್ತಿತ್ತು ಜನ," ಅಂದಳು ವನಜ.

ನಮ್ಮ ಅಮ್ಮನ ಕಲ್ಲಿನಲ್ಲಿ ಬೀಸಿದ ರಾಗಿಗೆ ಇಂಗ್ಲಿಷರು ಸಾಲು ನಿಲ್ಲುತ್ತಿದ್ದರು ಎಂದು ಕೇಳಿ ಹೆಮ್ಮೆಪಡಬೇಕಿತ್ತು. ನನಗೆ ಹೊಟ್ಟೆ ಉರಿಯಿತು. ನನ್ನ ಮಕ್ಕಳು ನಾನು ಮಾಡಿದ ಮುದ್ದೆಯನ್ನು ನೋಡಿ ಪಿಜ್ಜಾ ತರಿಸುವವರು.

ಬೋರ್ಡು

ಮಾರನೆಯ ಬೆಳಗ್ಗೆ ಸ್ಮಶಾನಕ್ಕೆ ಹೋದೆವು. ಸ್ಮಶಾನ ಅನ್ನಲು ಬಾಯಿ ಬರುವುದಿಲ್ಲ. ಗುಡ್ಡದ ಇಳಿಜಾರಿನಲ್ಲಿ ಹುಲ್ಲು, ಹುಲ್ಲಿನ ಮೇಲೆ ಸಾಲು ಸಾಲು ಕಲ್ಲು, ಅಲ್ಲಲ್ಲಿ ಬೆಂಚು. ನಲ್ಲಿಯ ಪಕ್ಕ ಹೂವಿಗೆ ನೀರು ಹಾಕಲು ಹಸಿರು ಕ್ಯಾನುಗಳು. ಕ್ಯಾನಿಗೆ ಸರಪಳಿ ಇಲ್ಲ, ಬೀಗ ಇಲ್ಲ, ಯಾರೂ ಕದಿಯುವುದಿಲ್ಲ. ಪ್ರತಿ ಸತ್ತವರಿಗೂ ಒಂದು ಸಾಲಿನ ಅಕ್ಷರ, ಒಂದು ನಂಬರು. ಪೀಟರ್‌ನ ವಿಳಾಸ ಎಫ್ ಸಾಲು, ಇಪ್ಪತ್ತೆರಡು. ಕಾಗದ ಹಾಕಿದರೂ ತಲುಪುತ್ತದೇನೋ.

ಬಾಗಿಲಲ್ಲೇ ಒಂದು ಬೋರ್ಡು. ನಾನು ಗುಮಾಸ್ತೆಯಾಗಿದ್ದವಳು, ಬೋರ್ಡು ಕಂಡರೆ ಕೊನೆಯವರೆಗೆ ಓದದೆ ಬಿಡುವವಳಲ್ಲ. ಕಲ್ಲು ಇಷ್ಟೇ ಎತ್ತರ ಇರಬೇಕು. ಆಯತಾಕಾರ ಇರಬೇಕು, ತಲೆ ಬೇಕಾದರೆ ದುಂಡಗಿರಬಹುದು. ಬಣ್ಣ ಈ ಸೀಮೆಯ ಕಲ್ಲಿನದೇ ಆಗಿರಬೇಕು. ನಮ್ಮ ಕಡೆಯ ಥಳಥಳ ಕರಿಕಲ್ಲು ಕೂಡದು. ಫೋಟೋ ಕೂಡದು, ದೀಪ ಕೂಡದು, ಬೇಲಿ ಕೂಡದು, ಗಾಳಿಗೆ ಶಬ್ದ ಮಾಡುವ ಗಂಟೆ ಕೂಡದು. ಏನು ಬರೆಸುತ್ತೀರೋ ಅದಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು. ಕೊನೆಯ ಸಾಲು: ಆಹಾರ ಪದಾರ್ಥ ಇಡಕೂಡದು. ಓದಿದ್ದೆ. ಮುಂದೆ ಬೇಕಾಗುತ್ತದೆ ಎಂದು ಈಗಲೇ ಒಪ್ಪಿಕೊಳ್ಳುತ್ತಿದ್ದೇನೆ.

ಪೀಟರ್‌ನ ಸಮಾಧಿ ದೂರದಿಂದಲೇ ಗೊತ್ತಾಯಿತು. ಆಯತಗಳ ಸಾಲಿನ ನಡುವೆ ಒಂದು ಚಕ್ರ. ಕೆಳಗಿನ ಬಿಲ್ಲೆಯನ್ನು ಅರ್ಧ ಮಣ್ಣಿನಲ್ಲಿ ಹೂತು, ಅದರ ಮೇಲೆ ಮೇಲಿನ ಬಿಲ್ಲೆಯನ್ನು ಗಾಡಿಯ ಚಕ್ರದ ಹಾಗೆ ಎಬ್ಬಿಸಿ ನಿಲ್ಲಿಸಿ ಸಿಮೆಂಟು ಹಾಕಿದ್ದರು. ನಡುವಿನ ತೂತಿನಿಂದ ಆಚೆಯ ಗುಡ್ಡ ಕಾಣುತ್ತಿತ್ತು. ಹಿಡಿದು ತಿರುಗಿಸುವ ಗೂಟ ಮೂಗಿನ ಹಾಗೆ ಮುಂದಕ್ಕೆ ಚಾಚಿತ್ತು. ಅಪ್ಪ ಜಾಲಿ ಮರದಲ್ಲಿ ಕೆತ್ತಿ ಹಾಕಿದ್ದ ಗೂಟ, ಬಾಚಿಯ ಏಟು ತಪ್ಪಿ ಒಂದು ಕಡೆ ಸ್ವಲ್ಪ ಸೀಳಿದ್ದದ್ದು. ಸೀಳು ಹಾಗೇ ಇತ್ತು.

ನನಗೆ ಪೀಟರ್‌ನ ನೆನಪು ಬರಲಿಲ್ಲ, ಅಮ್ಮನ ನೆನಪು ಬಂತು. ಅಮ್ಮನನ್ನು ಹನ್ನೆರಡು ವರ್ಷದ ಹಿಂದೆ ಶ್ರೀಗಂಧದ ಕಾವಲ್‌ನಲ್ಲಿದ್ದ ನಮ್ಮ ಹೊಲದ ಮೂಲೆಯಲ್ಲಿ, ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದ್ದೆವು. ಇಟ್ಟಿಗೆ ಕಟ್ಟಿ ಸುಣ್ಣ ಬಳಿದು ಹೆಸರು ಬರೆಸಿದ್ದೆವು. ಹೊಲ ಚಿಕ್ಕಪ್ಪಂದಿರು, ನಾವು ಎಲ್ಲರಿಗೂ ಸೇರಿದ್ದು. ಮಾರುವಾಗ 'ಸಮಾಧಿ ಬಿಟ್ಟು ಕಟ್ತಾರೆ' ಅಂದರು. ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಈಗ ಅಲ್ಲಿ ಅಪಾರ್ಟ್‌ಮೆಂಟಿನ ಕಾಂಪೌಂಡು, ಅದರೊಳಗೆ ಕಾರು ನಿಲ್ಲಿಸುವ ಜಾಗ.

ಅಮ್ಮನ ಕಲ್ಲಿಗೆ ಇಲ್ಲಿ ಹುಲ್ಲು, ನಂಬರು, ಗುಡ್ಡದ ನೋಟ. ಅಮ್ಮನಿಗೆ ಅಲ್ಲಿ ಒಂದು ಗೇಣು ಜಾಗವಿಲ್ಲ. ಕಲ್ಲಿನ ಎತ್ತರ ಒಂದು ಬೆರಳು ಹೆಚ್ಚಾದರೆ ಜಗಳಕ್ಕೆ ಬರುವ ಈ ಜನದ ಮೇಲೆ ಬಾಗಿಲಲ್ಲಿ ನಗು ಬಂದಿತ್ತು. ಈಗ ಅವರ ಬೋರ್ಡಿನ ಮೇಲೂ ಹೊಟ್ಟೆಕಿಚ್ಚಾಯಿತು. ನಮ್ಮ ಹೊಲದ ಮೂಲೆಗೂ ಹೀಗೆ ತಗಾದೆ ತೆಗೆಯುವ ಒಬ್ಬನಿದ್ದಿದ್ದರೆ ಎಂದುಕೊಂಡೆ.

ಮಾರ್ಗರೆಟ್ಟಳ ಬೆಂಚು

ವನಜ ಬೇಕರಿಗೆ ಹೋಗಬೇಕಿತ್ತು. ಅವನ ನಂತರ ಅವಳೇ ನಡೆಸುತ್ತಿದ್ದಾಳೆ. ನಾನು ದಿನಾ ಒಬ್ಬಳೇ ಹೋಗಿ ಬೆಂಚಿನ ಮೇಲೆ ಕೂರತೊಡಗಿದೆ. ಮೂರನೆಯ ದಿನ ಒಬ್ಬ ಮುದುಕಿ ಪಕ್ಕದಲ್ಲಿ ಬಂದು ಕೂತಳು. ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ಅದರಲ್ಲಿ ಗಂಡನ ಕಲ್ಲಿನ ಅಕ್ಷರಗಳಲ್ಲಿ ಕೂತ ಪಾಚಿ ತೆಗೆಯಲು ಬಂದವಳು. ಪೀಟರ್‌ನ ಪಕ್ಕದ, ಇಪ್ಪತ್ಮೂರನೇ ನಂಬರು ಅವಳ ಗಂಡನದು.

"ನಿಮ್ಮ ತಂಗಿಯ ಕಲ್ಲಿನ ಮೇಲೆ ದೂರು ಕೊಟ್ಟವಳು ನಾನೇ. ಮೊದಲೇ ಹೇಳಿಬಿಡೋದು ವಾಸಿ," ಅಂದಳು. ಅವಳ ಹೆಸರು ಮಾರ್ಗರೆಟ್. ಅವಳ ಇಂಗ್ಲಿಷು ನನಗೆ ಎರಡು ಸಲ ಹೇಳಿದರೆ ತಿಳಿಯುತ್ತಿತ್ತು. ನನ್ನದು ಅವಳಿಗೆ ಮೂರು ಸಲಕ್ಕೆ.

ಯಾಕೆ ಎಂದು ಕೇಳಿದೆ.

ಅವಳ ಗಂಡನಿಗೆ ಮೀನು ಹಿಡಿಯುವ ಹುಚ್ಚಂತೆ. ಅವನು ಸತ್ತಾಗ ಅವಳು ಮೀನಿನ ಆಕಾರದ ಕಲ್ಲು ಬೇಕೆಂದು ಅರ್ಜಿ ಹಾಕಿದಳಂತೆ. ಚಿತ್ರ ಬರೆದು ಕೊಟ್ಟಳಂತೆ. ಕಮಿಟಿಯವರು ಆಗುವುದಿಲ್ಲ ಎಂದರು. ಆಯತವೇ ಆಗಲಿ, ಮೇಲೆ ಸಣ್ಣ ಮೀನು ಕೆತ್ತಿಸುತ್ತೇನೆ ಎಂದಳು. ಅದೂ ಇಲ್ಲ. ಹೋಗಲಿ, 'ಕೊನೆಗೂ ಸುಮ್ಮನೆ ಮಲಗಿದ್ದಾನೆ' ಎಂದು ಬರೆಸುತ್ತೇನೆ ಎಂದಳು. ಅದಂತೂ ಸುತರಾಂ ಇಲ್ಲ. "ನಾನು ನಿಯಮ ಪಾಲಿಸಿದೆ. ಬೇರೆಯವರ ಹಾಗೆ ಬೂದು ಹಲಗೆ ನಿಲ್ಲಿಸಿದೆ. ನಾಲ್ಕು ವರ್ಷ ಆಯಿತು. ಒಂದು ಭಾನುವಾರ ಬಂದು ನೋಡ್ತೀನಿ, ಪಕ್ಕದಲ್ಲಿ ಒಂದು ದೊಡ್ಡ ಚಕ್ರ. ಅರ್ಜಿ ಇಲ್ಲ, ಏನಿಲ್ಲ. ಅದೂ ಎಷ್ಟು ಚೆನ್ನಾಗಿದೆ ಅಂತೀರಿ. ದಾರಿಯಲ್ಲಿ ಹೋಗೋರೆಲ್ಲ ಅದರ ಮುಂದೆ ನಿಲ್ತಾರೆ. ನನ್ನ ಗಂಡನ್ನ ಯಾರೂ ನೋಡಲ್ಲ."

ಇಷ್ಟು ಹೇಳಿ ಅವಳು ಮೂಗು ಒರೆಸಿಕೊಂಡಳು. ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬರಬೇಕಿತ್ತು. ಸಾವಿರಾರು ಮೈಲಿ ಹಾರಿ ಬಂದು ನನ್ನ ಸ್ವಂತ ಅಕ್ಕತಂಗಿಯನ್ನು ಕಂಡ ಹಾಗಾಯಿತು. ಚೀಲದಲ್ಲಿದ್ದ ಚಕ್ಕುಲಿ ಕೊಟ್ಟೆ. ಅವಳ ಹಲ್ಲಿಗೆ ಆಗಲಿಲ್ಲ, ಚೀಪಿದಳು. ಚೆನ್ನಾಗಿದೆ ಎಂದಳು.

ಅಲ್ಲಿಂದ ದಿನಾ ಇಬ್ಬರೂ ಕೂತೆವು. ಅವಳು ಒಂದೊಂದೇ ಕಲ್ಲು ತೋರಿಸಿ ಜಗಳದ ಕಥೆ ಹೇಳಿದಳು. ಅಗೋ ಅಲ್ಲಿ ಕಾಲ್ಚೆಂಡಿನ ಆಕಾರದ ಕಲ್ಲಿತ್ತು, ಕೀಳಿಸಿದರು. ಇಗೋ ಇಲ್ಲಿ ಮೊಮ್ಮಕ್ಕಳು ಬಣ್ಣದ ಕುಳ್ಳಗೊಂಬೆ ಇಟ್ಟಿದ್ದರು, ಈಗ ಅದು ಆಫೀಸಿನ ಕಪಾಟಿನಲ್ಲಿದೆ. ಬಂದು ಬಿಡಿಸಿಕೊಂಡು ಹೋಗಬಹುದು, ರಸೀದಿ ತೋರಿಸಿ. ಕೇಳಿ ನಕ್ಕೆ. ನಗುವಾಗಲೂ ನನ್ನ ಕಣ್ಣು ಜಾಲಿಯ ಗೂಟದ ಮೇಲೇ ಇತ್ತು.

ಅಮಾವಾಸ್ಯೆ

ವಿಚಾರಣೆಗೆ ಮೂರು ದಿನ ಇದ್ದಾಗ ಮಾಲಯ ಅಮಾವಾಸ್ಯೆ ಬಂತು, ನಮ್ಮ ಹಿರಿಯರ ಹಬ್ಬ. ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುತ್ತೇವೆ. ಬಾಡೂಟ ಇಷ್ಟವಿದ್ದವರಿಗೆ ಬಾಡೂಟ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಕಾಗೆ ಮುಟ್ಟಿದರೆ ಅವರಿಗೆ ತಲುಪಿತು ಎಂದು. ಗಂಡಸರು ಇಡಬೇಕಾದದ್ದು, ಆ ಮನೆಯಲ್ಲಿ ಗಂಡಸರು ಯಾರಿದ್ದಾರೆ?

ವನಜ ಬೇಕರಿಗೆ ಹೋದ ಮೇಲೆ ಉಳಿದ ರಾಗಿ ಹಿಟ್ಟಿನಲ್ಲಿ ಮುದ್ದೆ ಕಟ್ಟಿದೆ. ಕೋಳಿ ಸಾರು ಮಾಡಿದೆ. ಉದ್ದಿನ ವಡೆ ಕರಿದೆ, ಮನೆಯ ಹೊಗೆ ಗಂಟೆ ಕೂಗಿಕೊಂಡಿತು. ಅದನ್ನು ನಿಲ್ಲಿಸಲು ಗೊತ್ತಾಗದೆ ಕಿಟಕಿ ತೆರೆದು ಟವೆಲಿನಲ್ಲಿ ಗಾಳಿ ಬೀಸುತ್ತ ನಿಂತೆ. ಬಾಳೆಲೆ ಎಲ್ಲಿಂದ ಬರಬೇಕು, ಕೋಸಿನ ದೊಡ್ಡ ಎಲೆ ಎರಡು ಕಿತ್ತುಕೊಂಡೆ. ಪೀಟರ್ ಕುಡಿಯುತ್ತಿದ್ದ ಬಿಯರಿನ ಬಾಟಲಿಯೊಂದು ಫ್ರಿಡ್ಜಿನ ಹಿಂದೆ ಹಾಗೇ ಉಳಿದಿತ್ತು. ಎಲ್ಲ ಚೀಲಕ್ಕೆ ಹಾಕಿಕೊಂಡು ಎಫ್ ಸಾಲಿಗೆ ಹೋದೆ.

ಆವತ್ತು ಬೋರ್ಡಿನ ಮುಂದೆ ನಾನು ನಿಂತದ್ದು ನಿಜ. ಕೊನೆಯ ಸಾಲು ಇನ್ನೊಮ್ಮೆ ಓದಿದ್ದೂ ನಿಜ. ಹಬ್ಬದ ದಿನ ಸತ್ತವನನ್ನು ಹಸಿವಿನಲ್ಲಿ ಬಿಡಬಾರದು ಎಂದು ಒಂದು ಮನಸ್ಸು ಹೇಳಿತು. ಇಟ್ಟುಬಿಡು, ಕಮಿಟಿಗೆ ಇನ್ನೊಂದು ಕಾರಣ ಸಿಗಲಿ, ಕಲ್ಲು ಕೀಳಲಿ ಎಂದು ಇನ್ನೊಂದು ಮನಸ್ಸು ಹೇಳಿತು. ಎರಡರಲ್ಲಿ ಯಾವುದರ ಮಾತಿಗೆ ನನ್ನ ಕಾಲು ಮುಂದೆ ನಡೆಯಿತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಎಡೆ ಇಟ್ಟು ಕೈಮುಗಿದೆ. ಅಮ್ಮನ ಹೆಸರೂ ಹೇಳಿದೆ, ಅಪ್ಪನ ಹೆಸರೂ ಹೇಳಿದೆ. ಕಾಗೆಗೆ ಕಾದೆ. ನಮ್ಮ ಅನ್ನಪೂರ್ಣೇಶ್ವರಿ ನಗರದಲ್ಲಿ ಹಬ್ಬದ ದಿನ ಕಾಗೆಗಳಿಗೆ ಹೊಟ್ಟೆ ತುಂಬಿ ಎಷ್ಟು ಕರೆದರೂ ಬರುವುದಿಲ್ಲ. ಇಲ್ಲಿ ಎರಡೇ ನಿಮಿಷಕ್ಕೆ ಕೋಳಿಯಷ್ಟು ದಪ್ಪದ ಕಾಗೆಯೊಂದು ಇಳಿದು, ನೇರ ಮುದ್ದೆಗೆ ಕೊಕ್ಕು ಹಾಕಿತು. ಮುದ್ದೆ ಅಂಟಿಕೊಂಡು ಬಾಯಿ ಬಿಡಿಸಲಾರದೆ ತಲೆ ಕೊಡವಿತು. ಆಮೇಲೆ ಅದರ ಬಳಗವೆಲ್ಲ ಬಂತು. ಕೋಳಿ ಮೂಳೆಗಳನ್ನು ಎಫ್ ಸಾಲಿನ ಉದ್ದಕ್ಕೂ, ಒಂದಿಷ್ಟು ಜಿ ಸಾಲಿನಲ್ಲೂ ಹಂಚಿಬಿಟ್ಟವು. ಒಂದು ಕಾಲಿನ ಮೂಳೆ ಮಾರ್ಗರೆಟ್ಟಳ ಗಂಡನ ತಲೆಯ ಮೇಲೆ ಕೂತಿತು. ನಾನು ಆರಿಸಿ ಮುಗಿಸುವ ಮೊದಲೇ ಹುಲ್ಲು ಕತ್ತರಿಸುವವನು ಬಂದ.

ಮಾರನೆಯ ದಿನ ವನಜಳಿಗೆ ಕಾಗದ ಬಂತು. ದೂರಿನ ಪಟ್ಟಿಯಲ್ಲಿ ಒಂದು ಹೊಸ ಸಾಲು ಸೇರಿತ್ತು: ಮಾಂಸಾಹಾರ ಮತ್ತು ಮದ್ಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೂಡಲೇ "ಬೋರ್ಡಲ್ಲಿ ಇದ್ದಿದ್ದು ನನಗೆ ಕಾಣ್ಲಿಲ್ಲ ಕಣೆ" ಅಂದೆ. ಅವಳು ಏನೂ ಕೇಳಿರಲಿಲ್ಲ.

"ಇರ್ಲಿ ಬಿಡಕ್ಕ. ನಾನೇ ಇಡ್ಬೇಕಿತ್ತು. ಧೈರ್ಯ ಬರ್ಲಿಲ್ಲ," ಅಂದಳು. ನನ್ನ ಕೈ ಹಿಡಿದುಕೊಂಡಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಲೈಬ್ರರಿ

ವಿಚಾರಣೆ ಎಂದರೆ ಕೋರ್ಟು ಎಂದುಕೊಂಡಿದ್ದೆ. ಊರ ಲೈಬ್ರರಿಯ ಹಿಂದಿನ ಕೋಣೆ. ಮೇಜಿನ ಮೇಲೆ ಟೀ, ಬಿಸ್ಕತ್ತು, ಪೀಟರ್‌ನ ಕಲ್ಲಿನ ನಾಲ್ಕು ಫೋಟೋ. ಕಮಿಟಿಯವರು ಮೂವರು. ಅಧ್ಯಕ್ಷೆ ಬಿಳಿ ಕೂದಲಿನವಳು, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡವಳು. ಮಾರ್ಗರೆಟ್ ಹಿಂದಿನ ಕುರ್ಚಿಯಲ್ಲಿ ಟೋಪಿ ಹಾಕಿಕೊಂಡು ಕೂತಿದ್ದಳು. ಮೊದಲು ಹವಾಮಾನದ ಬಗ್ಗೆ ಐದು ನಿಮಿಷ ಮಾತಾಡಿದರು. ಅದಾಗದೆ ಅಲ್ಲಿ ಯಾವ ಜಗಳವೂ ಶುರುವಾಗುವುದಿಲ್ಲ.

ಅಧ್ಯಕ್ಷೆ ಒಂದೊಂದೇ ಓದಿದಳು. ಅರ್ಜಿ ಇಲ್ಲ. ಆಕಾರ ಸರಿಯಿಲ್ಲ. ಮರದ ಭಾಗ ಮುಂದಕ್ಕೆ ಚಾಚಿದೆ, ಹುಲ್ಲಿನ ಯಂತ್ರಕ್ಕೆ ತೊಡಕು. ಆಹಾರ. ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿ, "ನಿಮ್ಮ ತಂಗಿ ಇದು ನಿಮ್ಮ ಸಮುದಾಯದ ಪದ್ಧತಿ ಅಂತ ಬರೆದಿದ್ದಾರೆ. ಹಾಗಿದ್ದರೆ ನಾವು ಅದಕ್ಕೆ ಬೆಲೆ ಕೊಡಬೇಕು. ಹೌದಾ?" ಎಂದಳು.

ವನಜ ನನ್ನ ಕಡೆ ನೋಡಲಿಲ್ಲ. ಬಿಸ್ಕತ್ತಿನ ತಟ್ಟೆ ನೋಡುತ್ತಿದ್ದಳು.

ಹೌದು ಅಂದರೆ ಸುಳ್ಳು. ಇಲ್ಲ ಅಂದರೆ ನಿಜ, ಮತ್ತು ಕಲ್ಲು ನನ್ನ ಸೂಟ್‌ಕೇಸಿಗೆ. ನಿಜ ಹೇಳಿ ಲಾಭ ಪಡೆಯುವ ಸಂದರ್ಭ ಜೀವನದಲ್ಲಿ ಎಷ್ಟು ಸಲ ಬರುತ್ತದೆ?

"ಇಲ್ಲ. ನಮ್ಮಲ್ಲಿ ಯಾರೂ ಇಡಲ್ಲ. ಮನೆಯಲ್ಲಿ ಪೂಜೆ ಮಾಡೋ ಕಲ್ಲು ಅದು. ಮದುವೆಗೆ ಅರಿಸಿನ ಕುಂಕುಮ ಇಡ್ತೀವಿ. ಸಮಾಧಿಗೆ ಒಯ್ಯಲ್ಲ," ಅಂದೆ.

ವನಜಳ ಮುಖ ಬಿಳಿಚಿತು. ಸುಣ್ಣದ ಗೋಡೆಯ ಹಾಗಾದಳು. ಮೂರನೆಯ ಕುರ್ಚಿಯವನು ಏನೋ ಬರೆದುಕೊಂಡ.

"ಊಟ ಇಟ್ಟವಳು ನಾನು. ತಂಗಿ ಅಲ್ಲ. ಬೋರ್ಡು ಓದಿಯೇ ಇಟ್ಟೆ," ಅಂದೆ. ಅದು ಯಾಕೆ ಬಾಯಿಂದ ಬಂತೋ. ವನಜ ತಲೆಯೆತ್ತಿ ನೋಡಿದಳು.

ಅಧ್ಯಕ್ಷೆ ಒಂದು ಗುಟುಕು ಟೀ ಕುಡಿದಳು. "ಹಾಗಾದರೆ ಕಲ್ಲು ತೆಗೆಸಿದರೆ ಯಾರಿಗೆ ಒಪ್ಪಿಸಬೇಕು? ಕಲ್ಲು ಯಾರದ್ದು?"

ಈ ಪ್ರಶ್ನೆಗೆ ನನ್ನ ಹತ್ತಿರ ಹದಿನೆಂಟು ವರ್ಷದಿಂದ ಉತ್ತರ ಸಿದ್ಧವಿತ್ತು. ಒಂದೇ ಪದ, ನನ್ನದು. ಬಾಯಿ ತೆರೆದೆ. ಆಗ ಅಮ್ಮ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡದ್ದು ಕಣ್ಣ ಮುಂದೆ ಬಂತು. ನಾನು ನೋಡಿಯೇ ಇಲ್ಲದ ನಗು ಅದು. ನನ್ನ ಜೊತೆ ಬೀಸುವಾಗ ಅಮ್ಮ ಒಂದು ದಿನವೂ ಹಾಗೆ ನಕ್ಕಿರಲಿಲ್ಲ. ಅಷ್ಟು ನಗಿಸಿದವನಿಗೆ ಅವಳು ಏನು ಬೇಕಾದರೂ ಕೊಡಬಹುದಿತ್ತು, ಕೊಟ್ಟಳು.

"ಪೀಟರ್‌ದು. ನಮ್ಮ ತಾಯಿ ಕೊಟ್ಟಿದ್ದು ನನಗಲ್ಲ. ಇವಳಿಗೂ ಅಲ್ಲ. ಅವನಿಗೆ. ಅವನ ಕೈ ಬೊಬ್ಬೆ ನೋಡಿ ಕೊಟ್ಟಳು. ಅವನು ಎಲ್ಲಿದಾನೋ ಕಲ್ಲು ಅಲ್ಲೇ ಇರಬೇಕು," ಅಂದೆ. ಆಮೇಲೆ ಇನ್ನೂ ಒಂದು ಮಾತು ಸೇರಿಸಿದೆ, ಅದು ಗುಮಾಸ್ತೆ ಬುದ್ಧಿ. "ಆದರೆ ಬೀಸೋಕಲ್ಲನ್ನ ಯಾರೂ ಹೀಗೆ ಎಬ್ಬಿಸಿ ನಿಲ್ಲಿಸಲ್ಲ. ಅದು ಮಲಗಿರಬೇಕು. ಕೆಳಗೊಂದು, ಮೇಲೊಂದು. ಇವಳು ಯಾವತ್ತೂ ಬೀಸಿದವಳಲ್ಲ, ಇವಳಿಗೆ ಗೊತ್ತಿಲ್ಲ."

ಕಮಿಟಿಯವರು ತಲೆ ಹತ್ತಿರ ತಂದು ಮಾತಾಡಿಕೊಂಡರು. ನಿಲ್ಲಿಸಿದ ಕಲ್ಲಿಗೆ ಆಕಾರದ ನಿಯಮ. ಹುಲ್ಲಿನ ಮಟ್ಟಕ್ಕೆ ಹೂತ ಮಲಗಿದ ಕಲ್ಲಿಗೆ ಆ ನಿಯಮ ಇಲ್ಲ, ಯಂತ್ರ ಅದರ ಮೇಲೆ ಹಾಯ್ದು ಹೋದರೆ ಸಾಕು. ಹಾಗೆ ಮಲಗಿಸಿದರೆ ಇರಬಹುದು ಎಂದಳು ಅಧ್ಯಕ್ಷೆ. ಚಾಚಿದ ಮರದ ಗೂಟ ಮಾತ್ರ ಹೋಗಬೇಕು.

ಆಗ ಹಿಂದಿನಿಂದ ಮಾರ್ಗರೆಟ್ ಎದ್ದು ನಿಂತಳು. "ಹಾಗಾದರೆ ನನ್ನ ಮೀನನ್ನೂ ಮಲಗಿಸಬಹುದಲ್ಲ?" ಎಂದಳು. ಅರ್ಜಿ ಹಾಕಿ ಎಂದಳು ಅಧ್ಯಕ್ಷೆ.

ಹೊರಗೆ ಬಂದ ಮೇಲೆ ವನಜ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಬಸ್ಸುನಿಲ್ದಾಣದ ಹತ್ತಿರ ಬಂದಾಗ, "ಆ ದೊಡ್ಡ ಸೂಟ್‌ಕೇಸು ಯಾಕೆ ತಂದಿದೀಯ ಅಂತ ಬಂದ ದಿನಾನೇ ಗೊತ್ತಾಯ್ತಕ್ಕ," ಅಂದಳು. ನಾನು ಬಸ್ಸಿನ ನಂಬರು ನೋಡುತ್ತಾ ನಿಂತೆ.

ಎಫ್ ಸಾಲು, ಇಪ್ಪತ್ತೆರಡು

ಹೊರಡುವ ಹಿಂದಿನ ದಿನ ಹುಲ್ಲು ಕತ್ತರಿಸುವವನೇ ಬಂದು ಸಿಮೆಂಟು ಒಡೆದ. ಕೆಳಗಿನ ಬಿಲ್ಲೆಯನ್ನು ಆಳಕ್ಕೆ ಕೂರಿಸಿ, ಮೇಲಿನದನ್ನು ಅದರ ಮೇಲೆ ಇಟ್ಟು ಹುಲ್ಲಿನ ಮಟ್ಟಕ್ಕೆ ತಂದ. ನಮ್ಮ ನಡುಮನೆಯಲ್ಲಿ ಇದ್ದ ಹಾಗೇ ಕೂತಿತು. ನಾನು ಮಂಡಿಯೂರಿ ಅಂಗೈಯಿಂದ ಮೇಲಿನ ಮಣ್ಣು ಒರೆಸಿದೆ. ತೂತಿನ ಬಾಯಿಯ ಸುತ್ತ ಕಲ್ಲು ಬೆಣ್ಣೆಯ ಹಾಗೆ ಸವೆದಿತ್ತು. ಅಷ್ಟು ಸವೆತದಲ್ಲಿ ನನ್ನದೆಷ್ಟು, ಅಮ್ಮನದೆಷ್ಟು, ಅವನದೆಷ್ಟು ಎಂದು ಹೇಳುವುದು ಹೇಗೆ?

ಗೂಟವನ್ನು ಅವನು ಸುತ್ತಿಗೆಯಿಂದ ತಟ್ಟಿ ತೆಗೆದು ವನಜಳ ಕೈಗೆ ಕೊಟ್ಟ. ಅವಳು ಅದನ್ನು ಒಂದು ಸಲ ಹಿಡಿದು ನೋಡಿ ನನ್ನ ಕೈಗಿಟ್ಟಳು.

"ಇದನ್ನಾದ್ರೂ ತಗೊಂಡು ಹೋಗಕ್ಕ. ಇಲ್ಲಿ ಇಡೋಕೆ ಬಿಡಲ್ಲ."

ದೊಡ್ಡ ಸೂಟ್‌ಕೇಸಿನಲ್ಲಿ ಗೇಣುದ್ದದ ಒಂದು ಗೂಟ ಇಟ್ಟುಕೊಂಡು ಬಂದೆ. ಬೆಂಗಳೂರಿಗೆ ಬರುವವರೆಗೆ ಅದು ಒಳಗೆ ಆ ಕಡೆ ಈ ಕಡೆ ಉರುಳಾಡುತ್ತಿತ್ತು.

ಶ್ರೀಗಂಧದ ಕಾವಲ್

ಒಂದು ವರ್ಷ ಆಯಿತು. ಮೊನ್ನೆಯ ಮಾಲಯ ಅಮಾವಾಸ್ಯೆಗೆ ಮನೆಯ ಎಡೆ ಮುಗಿಸಿ, ಇನ್ನೊಂದು ಎಲೆ ಕಟ್ಟಿಕೊಂಡು ಆಟೋ ಹತ್ತಿ ನಮ್ಮ ಹಳೆಯ ಹೊಲಕ್ಕೆ ಹೋದೆ. ಹೊಲ ಎಲ್ಲಿಂದ ಬಂತು, ಕಾಂಪೌಂಡಿನ ಗೋಡೆ. ಗೋಡೆಯ ಹೊರಗೆ ಒಂದು ಹೊಂಗೆ ಮರ ಉಳಿದಿದೆ. ಅದು ನಮ್ಮ ಬದುವಿನದೇ. ಅಲ್ಲಿಂದ ಒಳಕ್ಕೆ ಹತ್ತು ಹೆಜ್ಜೆ ಹಾಕಿದರೆ ಅಮ್ಮ.

ಮರದ ಬುಡದಲ್ಲಿ ಎಲೆ ಹಾಸಿ, ಮುದ್ದೆ, ಸಾರು, ವಡೆ ಇಟ್ಟೆ. ಎಲೆಯ ಪಕ್ಕ ಗೂಟ ಇಟ್ಟೆ. ವಾಚ್‌ಮನ್ನು ಬಂದ, ನನಗಿಂತ ವಯಸ್ಸಾದವನು.

"ಅಮ್ಮಾ, ಇಲ್ಲೇನೂ ಇಡಂಗಿಲ್ಲ. ಅಸೋಸಿಯೇಷನ್‌ನೋರು ಬಯ್ತಾರೆ. ಕಾಗೆ ಬಂದು ಕಾರ್ ಮೇಲೆಲ್ಲ ಗಲೀಜು ಮಾಡ್ತವೆ."

"ಎಲ್ಲಿ ಬರೆದಿದೆ ತೋರಿಸಿ, ಓದ್ತೀನಿ," ಅಂದೆ. ಅವನ ಹತ್ತಿರ ಬೋರ್ಡು ಇರಲಿಲ್ಲ. "ನಮ್ಮಮ್ಮ ಒಳಗಿದಾಳೆ. ಆ ಬಿಳಿ ಕಾರಿನ ಕೆಳಗೆ. ಕಾಗೆ ಮುಟ್ಟಿದ ತಕ್ಷಣ ನಾನೇ ಎತ್ತಿಕೊಂಡು ಹೋಗ್ತೀನಿ."

ಅವನು ಬಿಳಿ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಸ್ವಲ್ಪ ದೂರದಲ್ಲಿ ನಿಂತುಕೊಂಡ.

ಕಾಗೆ ಕಾಯುತ್ತಿರುವಾಗ ವನಜಳ ವೀಡಿಯೋ ಫೋನು ಬಂತು. ಅವಳೂ ಸಮಾಧಿಯ ಹತ್ತಿರವೇ ಇದ್ದಳು. ಹುಲ್ಲು ಈಗ ತಾನೇ ಕತ್ತರಿಸಿದ್ದರು. ನಮ್ಮ ಕಲ್ಲು ದುಂಡಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಮಾರ್ಗರೆಟ್ಟಳ ಮೀನೂ ಮಲಗಿತ್ತು. ನೋಡಿದ ಕೂಡಲೇ ಹೊಟ್ಟೆಯಲ್ಲಿ ಆ ಹಳೆಯ ಕಿಚ್ಚು ಚುರ್ ಅಂದಿತು. ನಾನು ಫೋನು ತಿರುಗಿಸಿ ನನ್ನ ಎಡೆ ತೋರಿಸಿದೆ. ಹೊಂಗೆ ಮರ ತೋರಿಸಿದೆ. ಗೋಡೆ ತೋರಿಸಿದೆ.

"ಅದೇನು, ಎಲೆ ಪಕ್ಕ? ಗೂಟನಾ?"

"ಹೂಂ."

ವನಜ ಫೋನಿಗೆ ಮುಖ ಹತ್ತಿರ ತಂದಳು. "ಇನ್ನೂ ಹತ್ರ ತೋರ್ಸು," ಅಂದಳು. ತೋರಿಸಿದೆ. ಕೈ ತಾಗಿ ತಾಗಿ ಕಪ್ಪಗಾದ ಹಿಡಿ, ಅಪ್ಪನ ಬಾಚಿಯ ಸೀಳು.

"ಕೊಡಬಾರದಿತ್ತು ಕಣಕ್ಕ ನಿನಗೆ. ಕಲ್ಲನ್ನ ಯಾರು ಮುಟ್ತಾರೆ? ಅಮ್ಮ ಹಿಡ್ಕೊಂಡಿದ್ದು ಗೂಟನೇ ಅಲ್ವಾ. ಅವನು ಹಿಡ್ಕೊಂಡಿದ್ದೂ ಅದನ್ನೇ. ಆವತ್ತು ನಂಗೆ ಹೊಳೀಲೇ ಇಲ್ಲ."

ಅವಳ ದನಿಯಲ್ಲಿ ಒಂದು ಸಣ್ಣ ಉರಿ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅಳು ಎಂದುಕೊಳ್ಳುತ್ತಿದ್ದರು. ಹತ್ತೊಂಬತ್ತು ವರ್ಷ ಅದನ್ನು ಸಾಕಿದವಳಿಗೆ ಗುರುತು ಸಿಗದೇ ಇರುತ್ತದೆಯೇ?

"ಬಾ," ಅಂದೆ. "ಬಂದಾಗ ಹಿಡ್ಕೊಳ್ಳೋಕೆ ಕೊಡ್ತೀನಿ."

ಅಷ್ಟರಲ್ಲಿ ಕಾಗೆ ಬಂತು. ವಾಚ್‌ಮನ್ನು ಕೈಮುಗಿದ.